ದೇವರಿಗೆ ಯಾವ ಕೆಲಸ ಕೊಟ್ಟಿದ್ದೀರಿ?

ನಿಮ್ಮ ಪ್ರಶ್ನೆ ಇಷ್ಟು: ನೀವು ಭೌತಶಾಸ್ತ್ರದಲ್ಲಿ ಎಂಎಸ್‌ಸಿ ಓದುತ್ತಿದ್ದೀರಿ, ದಿನಾ ಪ್ರಾರ್ಥನೆಯನ್ನೂ ಮಾಡುತ್ತೀರಿ. ಜೊತೆಯಲ್ಲಿ ಓದುವ ಗೆಳೆಯ ‘ಎರಡನ್ನೂ ಇಟ್ಟುಕೊಳ್ಳೋದು ಅಂದ್ರೆ ನಿನಗೆ ನೀನೇ ಸುಳ್ಳು ಹೇಳಿಕೊಂಡ ಹಾಗೆ’ ಅಂದಿದ್ದಾನೆ. ಅವನು ಹೇಳಿದ್ದು ಸರಿಯಾ ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನನಗೆ ದೇವರಲ್ಲಿ ನಂಬಿಕೆ ಇಲ್ಲ. ಇಪ್ಪತ್ತಾರು ವರ್ಷದಿಂದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ. ಆದರೂ ನಿಮ್ಮ ಗೆಳೆಯನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಈ ಪ್ರಶ್ನೆಗೆ ಜನ ಸಾಮಾನ್ಯವಾಗಿ ಒಂದು ಪಟ್ಟಿ ಓದುತ್ತಾರೆ. ನ್ಯೂಟನ್ ದೈವಭಕ್ತ, ಬಟಾಣಿ ಗಿಡಗಳಲ್ಲಿ ಆನುವಂಶಿಕತೆಯ ನಿಯಮ ಕಂಡ ಮೆಂಡಲ್ ಕ್ರೈಸ್ತ ಸನ್ಯಾಸಿ, ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಆಸ್ತಿಕ, ಹಾಗಾಗಿ ಜಗಳವೇ ಇಲ್ಲ ಅಂತ. ಈ ಪಟ್ಟಿಯಿಂದ ಗೊತ್ತಾಗುವುದು ಒಂದೇ: ಒಂದೇ ತಲೆಯಲ್ಲಿ ಎರಡೂ ಇರಬಹುದು. ತಲೆಯಲ್ಲಿ ಏನು ಬೇಕಾದರೂ ಇರಬಹುದು. ಸಿಗರೇಟ್ ಸೇದುವ ಡಾಕ್ಟರೂ ಇದ್ದಾರೆ. ಅದರಿಂದ ಸಿಗರೇಟಿಗೂ ಶ್ವಾಸಕೋಶಕ್ಕೂ ಚೆನ್ನಾಗಿ ಹೊಂದುತ್ತದೆ ಅಂತ ಆಗಲ್ಲ, ಅಲ್ವಾ?

ಒಂದು ಜೋಡಿಯ ಕಥೆ ಮಾತ್ರ ಬೇರೆ. 1979ರ ಭೌತಶಾಸ್ತ್ರದ ನೊಬೆಲ್ ಮೂವರಿಗೆ ಬಂತು: ಷೆಲ್ಡನ್ ಗ್ಲಾಶೋ, ಅಬ್ದುಸ್ ಸಲಾಂ, ಸ್ಟೀವನ್ ವೈನ್‌ಬರ್ಗ್. ವಿದ್ಯುತ್ಕಾಂತ ಬಲ ಮತ್ತು ಪರಮಾಣುವಿನೊಳಗಿನ ದುರ್ಬಲ ಬಲ ಎರಡೂ ಒಂದೇ ಬಲದ ಎರಡು ಮುಖ ಎಂದು ತೋರಿಸಿದ್ದಕ್ಕೆ. ಸಲಾಂ ಶ್ರದ್ಧಾವಂತ ಮುಸ್ಲಿಂ. ನೊಬೆಲ್ ಔತಣದ ಭಾಷಣದಲ್ಲಿ ಕುರಾನಿನ ಸಾಲುಗಳನ್ನೇ ಹೇಳಿದರು. ವೈನ್‌ಬರ್ಗ್ ಪಕ್ಕಾ ನಾಸ್ತಿಕ, ಧರ್ಮವನ್ನು ಮುಲಾಜಿಲ್ಲದೆ ಟೀಕಿಸಿದವರು. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ನಡೆದು ಮುಟ್ಟಿದ್ದು ಒಂದೇ ಸಿದ್ಧಾಂತವನ್ನು. ಅದು ಹೇಳಿದ್ದ ಡಬ್ಲ್ಯು ಮತ್ತು ಝಡ್ ಕಣಗಳು 1983ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕವು. ಡಬ್ಲ್ಯು ಕಣ ಪ್ರೋಟಾನಿನ ಸುಮಾರು 86 ಪಟ್ಟು ಭಾರ, ಝಡ್ ಸುಮಾರು 97 ಪಟ್ಟು. ನಂಬುವವರ ಲೆಕ್ಕಕ್ಕೆ ಒಂದು ತೂಕ, ನಂಬದವರ ಲೆಕ್ಕಕ್ಕೆ ಇನ್ನೊಂದು ತೂಕ ಇರಲಿಲ್ಲ. ಆ ಸಮೀಕರಣದಲ್ಲಿ ದೇವರಿಗೆ ಅಂತ ಯಾವ ಅಕ್ಷರವೂ ಇಲ್ಲ. ದೇವರಿಲ್ಲ ಅನ್ನುವುದಕ್ಕೂ ಇಲ್ಲ.

ಹಾಗಾಗಿ ನಿಮ್ಮನ್ನೇ ತಿರುಗಿ ಕೇಳುತ್ತೇನೆ. ನಿಮ್ಮ ದೇವರಿಗೆ ನೀವು ಯಾವ ಕೆಲಸ ಕೊಟ್ಟಿದ್ದೀರಿ?

ಕೆಲವು ಕೆಲಸ ಕೊಟ್ಟರೆ ಜಗಳ ಗ್ಯಾರಂಟಿ. ಜೇಮ್ಸ್ ಅಷರ್ ಎಂಬ ಆರ್ಚ್‌ಬಿಷಪ್ 1650ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿ ಆದದ್ದು ಕ್ರಿ.ಪೂ. 4004ರಲ್ಲಿ ಅಂದರು. ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ 1956ರಲ್ಲಿ ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಅಳೆದು ಭೂಮಿಗೆ ಸುಮಾರು 455 ಕೋಟಿ ವರ್ಷ ಅಂದರು. ಇವೆರಡರ ನಡುವೆ ರಾಜಿ ಪಂಚಾಯ್ತಿಗೆ ಜಾಗ ಇಲ್ಲ. ಒಂದು ತಪ್ಪು, ಅಷ್ಟೇ.

ಕಾಯಿಲೆ ವಾಸಿ ಮಾಡುವ ಕೆಲಸ ಇದೆಯಲ್ಲ, ಅದು ಇನ್ನೂ ಸ್ವಾರಸ್ಯ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1802 ಜನರ ಮೇಲೆ ಒಂದು ಅಧ್ಯಯನ ನಡೆಯಿತು, 2006ರಲ್ಲಿ ಪ್ರಕಟವಾಯಿತು. ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗಾಗಿ ಬೇರೆಯವರು ಪ್ರಾರ್ಥಿಸಿದರು, ಎರಡನೆಯದಕ್ಕೆ ಇಲ್ಲ. ಯಾರು ಯಾವ ಗುಂಪು ಅಂತ ಈ ರೋಗಿಗಳಿಗೆ ತಿಳಿಸಲಿಲ್ಲ. ಮೂರನೆಯ ಗುಂಪಿಗೆ ‘ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತದೆ’ ಅಂತ ಹೇಳಿಯೇ ಮಾಡಿದರು. ಆಪರೇಷನ್ ಆದ ಮೇಲೆ ತೊಂದರೆ ಕಂಡದ್ದು ಮೊದಲ ಗುಂಪಿನಲ್ಲಿ ಶೇ. 52 ಜನರಿಗೆ, ಎರಡನೆಯದರಲ್ಲಿ ಶೇ. 51. ವ್ಯತ್ಯಾಸವೇ ಇಲ್ಲ. ಪ್ರಾರ್ಥನೆ ನಡೆಯುತ್ತಿದೆ ಅಂತ ಗೊತ್ತಿದ್ದವರಲ್ಲಿ ಮಾತ್ರ ಶೇ. 59! ‘ಪ್ರಾರ್ಥನೆ ಬೇಕಾಗುವಷ್ಟು ನನ್ನ ಕಾಯಿಲೆ ಜೋರಾಗಿದೆಯಾ’ ಎಂಬ ಭಯ ಇರಬಹುದು, ಆಕಸ್ಮಿಕವೂ ಇರಬಹುದು.

ದೇವರನ್ನು ನಂಬುವ ಅನೇಕರು ಇದಕ್ಕೆ ‘ದೇವರೇನು ಪ್ರಯೋಗಾಲಯದ ಇಲಿಯಾ, ನೀವು ಕರೆದಾಗ ಬರೋಕೆ’ ಅನ್ನುತ್ತಾರೆ. ನಿಜವಾಗಿ ನನಗೆ ಈ ಉತ್ತರ ಇಷ್ಟ. ಆದರೆ ಇದನ್ನು ಹೇಳಿದ ಮೇಲೆ, ನಾಳೆ ಯಾರೋ ಒಬ್ಬರು ಗುಣವಾದರೆ ‘ನೋಡಿ, ಸಾಕ್ಷಿ’ ಅನ್ನುವ ಹಾಗಿಲ್ಲ. ಸೋತ ಪರೀಕ್ಷೆ ಲೆಕ್ಕಕ್ಕಿಲ್ಲ ಅಂದರೆ ಗೆದ್ದದ್ದೂ ಲೆಕ್ಕಕ್ಕಿಲ್ಲ. ನಿಮ್ಮ ಗೆಳೆಯ ಹೇಳುವ ಸುಳ್ಳು ಹುಟ್ಟುವುದು ಇಲ್ಲಿ, ಈ ಎರಡು ಲೆಕ್ಕದ ಪುಸ್ತಕ ಇಡುವಲ್ಲಿ. ನೀವು ಪ್ರಾರ್ಥನೆ ಮಾಡುವುದರಲ್ಲಿ ಅಲ್ಲ.

ಇನ್ನೊಂದು ಕೆಲಸ, ತೇಪೆ ಹಾಕುವುದು. ವಿಜ್ಞಾನಕ್ಕೆ ಎಲ್ಲಿ ಗೊತ್ತಿಲ್ಲವೋ ಅಲ್ಲಿ ದೇವರನ್ನು ಕೂರಿಸುವುದು. ಇದನ್ನು ನ್ಯೂಟನ್ನನೇ ಮಾಡಿದ. ಗ್ರಹಗಳು ಒಂದನ್ನೊಂದು ಎಳೆಯುತ್ತಿದ್ದರೆ ಅವುಗಳ ದಾರಿ ನಿಧಾನವಾಗಿ ಕೆಡುತ್ತದೆ, ಆಗಾಗ ಸರಿಪಡಿಸುವ ಕೈ ಬೇಕಾಗುತ್ತದೆ ಎಂಬುದು ಅವನ ಯೋಚನೆ. ದೇವರು ತಾನು ಮಾಡಿದ ಗಡಿಯಾರಕ್ಕೆ ತಾನೇ ಮತ್ತೆ ಮತ್ತೆ ಕೀ ಕೊಡಬೇಕಾ ಅಂತ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಲೇವಡಿ ಮಾಡಿದ. ಅವನೂ ಆಸ್ತಿಕನೇ, ಗಮನಿಸಿ. ಆಗ ಗುರು ಗ್ರಹ ವೇಗ ಪಡೆಯುತ್ತಿರುವಂತೆಯೂ ಶನಿ ನಿಧಾನವಾಗುತ್ತಿರುವಂತೆಯೂ ಕಾಣುತ್ತಿತ್ತು. 1780ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಲೆಕ್ಕ ಬಿಡಿಸಿದ. ಗುರು ಐದು ಸುತ್ತು ಮುಗಿಸುವಾಗ ಶನಿ ಹೆಚ್ಚುಕಡಿಮೆ ಎರಡು ಸುತ್ತು ಮುಗಿಸುತ್ತದೆ. ಹಾಗಾಗಿ ಎಳೆತ ಒಂದೇ ಕಡೆ ಕೂಡುತ್ತಾ ಹೋಗಿ, ಸುಮಾರು 900 ವರ್ಷಕ್ಕೊಮ್ಮೆ ತಿರುಗಿ ಸರಿಹೋಗುತ್ತದೆ. (ಕೋಟ್ಯಂತರ ವರ್ಷಗಳ ಲೆಕ್ಕಕ್ಕೆ ಇಳಿದರೆ ಕಥೆ ಇನ್ನೂ ಜಟಿಲ, ಅದು ಇನ್ನೊಂದು ದಿನದ ಪಾಠ.) ತೇಪೆ ಬೇಕಾಗಲಿಲ್ಲ. ತೇಪೆಯ ಕೆಲಸ ಕೊಟ್ಟವರು ತಮ್ಮ ದೇವರನ್ನು ತಾವೇ ಕೆಲಸದಿಂದ ತೆಗೆಸಿದ ಹಾಗಾಯಿತು.

‘ಇದೆಲ್ಲಾ ನಮ್ಮ ಗ್ರಂಥದಲ್ಲಿ ಮೊದಲೇ ಇದೆ’ ಅನ್ನುವವರ ಬಗ್ಗೆ ಜಾಸ್ತಿ ಹೇಳಲ್ಲ. ಎಲ್ಲ ಧರ್ಮಗಳಲ್ಲೂ ಇದ್ದಾರೆ. ಪ್ರಯೋಗ ಮುಗಿದ ಮಾರನೆಯ ದಿನವೇ ಆ ಸಾಲು ಅವರ ಕಣ್ಣಿಗೆ ಬೀಳುತ್ತದೆ. ಹಿಂದಿನ ದಿನ ಯಾಕೆ ಬೀಳಲ್ಲ?

ಇನ್ನು ನನ್ನ ವಿಷಯ. ನನ್ನ ನಂಬಿಕೆ ಹೋದದ್ದು ಫಿಸಿಕ್ಸ್‌ನಿಂದಲ್ಲ. ಹತ್ತಿರದವರ ಮನೆಯಲ್ಲಿ ಒಂದು ಮಗುವಿನ ದೀರ್ಘ ಕಾಯಿಲೆ ನೋಡಿದೆ, ಆಮೇಲೆ ಕೈ ಮುಗಿಯಲು ಆಗಲಿಲ್ಲ. ಡಾರ್ವಿನ್ನನಿಗೂ ಇಂಥದ್ದೇ ಮುಳ್ಳು ಚುಚ್ಚಿತ್ತು. ಜೀವಂತ ಕಂಬಳಿಹುಳುವಿನ ಒಳಗೇ ತಿನ್ನುತ್ತಾ ಬೆಳೆಯುವ ಕಣಜದ ಮರಿಗಳನ್ನು ಕರುಣಾಮಯಿ ದೇವರು ಬೇಕೆಂದೇ ಮಾಡಿದ ಅಂತ ನಂಬಲಾರೆ ಎಂದು 1860ರಲ್ಲಿ ಪತ್ರ ಬರೆದ. ಪತ್ರ ಹೋದದ್ದು ಏಸಾ ಗ್ರೇ ಎಂಬ ಸಸ್ಯವಿಜ್ಞಾನಿಗೆ. ಗ್ರೇ ಕ್ರೈಸ್ತ, ಅಮೆರಿಕದಲ್ಲಿ ವಿಕಾಸವಾದದ ಪರ ನಿಂತು ವಾದಿಸಿದ ದೊಡ್ಡ ಹೆಸರು. ಇಬ್ಬರ ಮುಂದೆಯೂ ಅದೇ ಕಣಜ, ಅದೇ ಕಂಬಳಿಹುಳು. ಒಬ್ಬನ ನಂಬಿಕೆ ಅಲುಗಾಡಿತು, ಇನ್ನೊಬ್ಬನದು ಉಳಿಯಿತು. ಇದನ್ನು ಸೂಕ್ಷ್ಮದರ್ಶಕ ತೀರ್ಮಾನ ಮಾಡಲ್ಲ. ಹಾಗಾಗಿ ‘ವಿಜ್ಞಾನ ಓದಿದ್ದಕ್ಕೆ ನಾಸ್ತಿಕನಾದೆ’ ಅಂತ ನಾನು ಸುಮ್ನೆ ಜಂಬ ಕೊಚ್ಚಿದರೆ ಅದೂ ಸುಳ್ಳೇ.

ಒಂದು ಕಸಿವಿಸಿ ಮಾತ್ರ ಉಳಿಯುತ್ತದೆ, ಅದನ್ನು ಮುಚ್ಚಿಡಲ್ಲ. ಲ್ಯಾಬಿನಲ್ಲಿ ನಾವು ಕಲಿಯುವುದು, ಸಾಕ್ಷಿ ಬದಲಾದರೆ ಮನಸ್ಸು ಬದಲಾಯಿಸು ಅಂತ. ಹೆಚ್ಚಿನ ಭಕ್ತಿಯಲ್ಲಿ ಅಲುಗಾಡದಿರುವುದೇ ದೊಡ್ಡ ಗುಣ. ಒಬ್ಬನೇ ಮನುಷ್ಯ ಬೆಳಗ್ಗೆ ಒಂದು ಅಭ್ಯಾಸ, ಸಂಜೆ ಇನ್ನೊಂದು ಅಭ್ಯಾಸ ಇಟ್ಟುಕೊಳ್ಳುವುದು ಕಷ್ಟ. ಕಷ್ಟ ಅಂದೆ, ಆಗಲ್ಲ ಅನ್ನಲಿಲ್ಲ.

ಆಗುತ್ತದೆ ಅನ್ನುವುದಕ್ಕೆ ನಾನು ತರಗತಿಯಲ್ಲಿ ಹೇಳುವ ಕಥೆ ಜಾರ್ಜ್ ಲಮೇತ್ರ್ ಅವರದು. ಬೆಲ್ಜಿಯಮ್ಮಿನ ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಭೌತಶಾಸ್ತ್ರಜ್ಞ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದರು. ಲೆಕ್ಕ ಸರಿ, ಆದರೆ ಇದನ್ನು ಒಪ್ಪಲಾರೆ ಅಂದರು ಐನ್‌ಸ್ಟೈನ್. 1931ರಲ್ಲಿ ಒಂದು ಪುಟ್ಟ ಲೇಖನದಲ್ಲಿ ಲಮೇತ್ರ್ ಇನ್ನೂ ಮುಂದೆ ಹೋಗಿ, ಎಲ್ಲವೂ ಒಂದೇ ಕಣದಿಂದ ಶುರುವಾಗಿರಬಹುದು ಅಂದರು. ಫ್ರೆಡ್ ಹಾಯ್ಲ್ ಎಂಬ ನಾಸ್ತಿಕ ಖಗೋಳವಿಜ್ಞಾನಿಗೆ ವಿಶ್ವಕ್ಕೆ ಆರಂಭ ಇದೆ ಎಂಬ ಮಾತೇ ಹಿಡಿಸಲಿಲ್ಲ. 1949ರ ರೇಡಿಯೋ ಭಾಷಣದಲ್ಲಿ ಅದನ್ನು ‘ಬಿಗ್ ಬ್ಯಾಂಗ್’ ಅಂತ ಕರೆದರು, ಆ ಹೆಸರೇ ನಿಂತಿತು. ನನ್ನ ವಿದ್ಯಾರ್ಥಿಗಳಲ್ಲೂ ಇದು ಕಾಣುತ್ತದೆ. ಬಿಗ್ ಬ್ಯಾಂಗ್ ಪಾಠದ ದಿನ ಕೆಲವರ ಮುಖ ಅರಳುತ್ತದೆ, ಕೆಲವರದು ಗಂಟಾಗುತ್ತದೆ. ಇಬ್ಬರೂ ಇನ್ನೂ ಸಮೀಕರಣ ಬಿಡಿಸಿರುವುದಿಲ್ಲ.

1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಒಂದು ಭಾಷಣದಲ್ಲಿ, ಈ ಹೊಸ ವಿಜ್ಞಾನ ಸೃಷ್ಟಿಕರ್ತನಿಗೆ ಸಾಕ್ಷಿ ಹೇಳುತ್ತಿದೆ ಎಂಬರ್ಥದಲ್ಲಿ ಹೊಗಳಿದರು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಲಮೇತ್ರ್‌ಗೆ ಬೇಸರವಾಯಿತು. ತನ್ನ ಸಿದ್ಧಾಂತ ನಾಳೆ ತಪ್ಪೂ ಆಗಬಹುದು, ಅದರ ಮೇಲೆ ದೇವರನ್ನು ನಿಲ್ಲಿಸಬೇಡಿ ಎಂಬುದು ಅವರ ನಿಲುವು. ವ್ಯಾಟಿಕನ್ನಿನ ವಿಜ್ಞಾನ ಸಲಹೆಗಾರರ ಜೊತೆ ಮಾತಾಡಿದರು. ಮರುವರ್ಷ ಖಗೋಳವಿಜ್ಞಾನಿಗಳ ಮುಂದೆ ಮಾತಾಡುವಾಗ ಪೋಪ್ ಆ ವಾದ ಎತ್ತಲಿಲ್ಲ.

ಅದಕ್ಕಿಂತ ನನಗೆ ಹಿಡಿಸುವುದು 1931ರ ಆ ಪುಟ್ಟ ಲೇಖನದ ಕರಡು. ಅದರ ಕೊನೆಯಲ್ಲಿ ಲಮೇತ್ರ್ ದೇವರ ಬಗ್ಗೆ ಒಂದು ಸಾಲು ಟೈಪ್ ಮಾಡಿದ್ದರು. ದೇವರು ಮರೆಯಲ್ಲೇ ಇರುವವನು, ಇವತ್ತಿನ ಭೌತಶಾಸ್ತ್ರ ಸೃಷ್ಟಿಯ ಮೇಲೆ ಒಂದು ಪರದೆ ಎಳೆಯುವುದನ್ನು ಕಂಡು ನಂಬುವವನಿಗೆ ಸಂತೋಷವೇ ಆಗಬಹುದು ಎಂಬರ್ಥದ ಸಾಲು. ಪ್ರಕಟಿಸುವ ಮೊದಲು ಅದನ್ನು ಅವರೇ ಹೊಡೆದು ಹಾಕಿದರು. ಆ ಮಾತನ್ನು ಅವರು ನಂಬುತ್ತಿರಲಿಲ್ಲ ಅಂತಲ್ಲ, ಸಾಯುವವರೆಗೂ ಪಾದ್ರಿಯಾಗಿಯೇ ಇದ್ದರು. ಆ ಲೇಖನದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಇದನ್ನು ನಿಮ್ಮ ಗೆಳೆಯನಿಗೆ ಹೇಳಿ, ಇದರಲ್ಲಿ ಸುಳ್ಳು ಎಲ್ಲಿದೆ ಅಂತ ಕೇಳಿ. ಅವನ ಉತ್ತರ ಏನು ಅಂತ ನನಗೂ ತಿಳಿಸಿ.