ವೃದ್ಧಾಶ್ರಮದ ಅಡುಗೆಮನೆಯಲ್ಲಿ ಫ್ರಿಜ್ಜಿನಲ್ಲಿಟ್ಟ ಆಹಾರಕ್ಕೂ ದಿನಾಂಕದ ಚೀಟಿ ಏಕೆ?

ಫ್ರಿಜ್ಜಿನ ತಂಪು ರೋಗಾಣುಗಳನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೇ. ಹಾಗಾಗಿ ಇಟ್ಟು ಎಷ್ಟು ದಿನವಾಯಿತೆಂಬ ಲೆಕ್ಕ ಬೇಕು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವಂತೂ 4 ಡಿಗ್ರಿ ಸೆಲ್ಸಿಯಸ್‌ನಲ್ಲೂ ಮೆಲ್ಲಗೆ ಹೆಚ್ಚುತ್ತಲೇ ಇರುತ್ತದೆ. ಅದು ಸೇರಿದ ಆಹಾರದ ವಾಸನೆ, ರುಚಿ ಬದಲಾಗದೆಯೂ ಇರಬಹುದು, ಮೂಸಿ ನೋಡಿ ಪ್ರಯೋಜನವಿಲ್ಲ. ಗಟ್ಟಿಮುಟ್ಟಾದವರು ತಡೆದುಕೊಂಡಾರು, ರೋಗನಿರೋಧಕ ಶಕ್ತಿ ಕುಗ್ಗಿದ ಹಿರಿಯರಲ್ಲಿ ಸೋಂಕು ರಕ್ತಕ್ಕೆ, ಮಿದುಳಿಗೆ ಹರಡಬಹುದು.

ಚೀಟಿಯಲ್ಲಿ ಪದಾರ್ಥದ ಹೆಸರು, ತಯಾರಿಸಿದ ಅಥವಾ ಪೊಟ್ಟಣ ಒಡೆದ ದಿನಾಂಕ, ಎಸೆಯಬೇಕಾದ ದಿನಾಂಕ ಇರಲಿ. ಹಾಲು, ಕಡಲೆಕಾಯಿಯಂಥ ಅಲರ್ಜಿ ತರುವ ವಸ್ತು ಸೇರಿದ್ದರೆ ಅದನ್ನೂ ಬರೆಯಿರಿ. ಅಂಟಿಸುವುದು ಡಬ್ಬಿಯ ಮೈಗೆ, ಮುಚ್ಚಳಕ್ಕಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ತಯಾರಿಸಿದ ದಿನವೇ ಮೊದಲ ದಿನ. ಬೇಯಿಸಿದ್ದನ್ನು ಮೂರನೇ ದಿನ ದಾಟಿಸದಿದ್ದರೆ ಒಳ್ಳೆಯದು. ಚೀಟಿಯೇ ಇಲ್ಲದ ಡಬ್ಬಿ ಕಂಡರೆ? ಯೋಚಿಸದೆ ಎಸೆಯಿರಿ.