ಗುಜರಿಯ ಎಂಜಿನ್ ಕಳವಿನದಾಗಿದ್ದರೆ?

ಪ್ರಶ್ನೆ: ಕಲಬುರಗಿಯಲ್ಲಿ ಬೈಕ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಗುಜರಿಯವರಿಂದ ರಸೀದಿಯಿಲ್ಲದೆ ಕೊಂಡ ಹಳೆಯ ಎಂಜಿನ್ನಿನ ನಂಬರನ್ನು ಅರದಿಂದ ಉಜ್ಜಿರುವುದು ಈಗ ಕಣ್ಣಿಗೆ ಬಿದ್ದಿದೆ. ನನಗೂ ಶಿಕ್ಷೆಯಾಗಬಹುದೇ?

ಉತ್ತರ: ಕೇವಲ ಕೊಂಡ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಆದರೆ ಕಳವಿನ ಮಾಲೆಂದು ತಿಳಿದಿದ್ದರೂ, ಅಥವಾ ಹಾಗೆ ನಂಬಲು ಕಾರಣವಿದ್ದರೂ, ಅದನ್ನು ಅಪ್ರಾಮಾಣಿಕವಾಗಿ ಪಡೆದವರಿಗೆ ಇಲ್ಲವೇ ಇಟ್ಟುಕೊಂಡವರಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ 3 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಂಥ ವ್ಯಾಪಾರವನ್ನೇ ರೂಢಿ ಮಾಡಿಕೊಂಡವರಿಗೆ ಜೀವಾವಧಿಯವರೆಗೂ ಶಿಕ್ಷೆಯುಂಟು.

ನಿಮ್ಮ ವಿಷಯದಲ್ಲಿ ನನಗೆ ಆತಂಕ ತರುವುದು ‘ನಂಬಲು ಕಾರಣ’ ಎಂಬ ಅಂಶ. ಉಜ್ಜಿದ ನಂಬರನ್ನು ಕಂಡ ಮೇಲೂ ಸುಮ್ಮನಿದ್ದರೆ, ತಿಳಿಯದೆ ಕೊಂಡೆನೆಂಬ ನಿಮ್ಮ ಮಾತಿಗೆ ಬಲವಿರುವುದಿಲ್ಲ. ಗುಜರಿಯವರಿಗೇ ಮರಳಿಸುವುದೂ ಕ್ಷೇಮವಲ್ಲ. ಕಳವಿನ ಮಾಲನ್ನು ಸಾಗಹಾಕಲು ನೆರವಾಗುವುದನ್ನೂ ಅದೇ ಕಲಮು ಅಪರಾಧವೆನ್ನುತ್ತದೆ. ಎಂಜಿನ್ನನ್ನು ಬಿಚ್ಚದೆ, ಯಾವ ಗಾಡಿಗೂ ಜೋಡಿಸದೆ, ವಕೀಲರೊಬ್ಬರ ಸಲಹೆ ಪಡೆದು ಠಾಣೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಕೊಟ್ಟ ಫೋನ್‌ಪೇ ದಾಖಲೆಯೇನಾದರೂ ಇದ್ದರೆ ಅಳಿಸದೆ ಉಳಿಸಿಕೊಳ್ಳಿ.