ರುಚಿ ಹೋಯ್ತು, ಚಟ ಯಾಕೆ ಹೋಗಲಿಲ್ಲ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೆ, ನಾನು ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಪಾನ್ ಮಸಾಲಾ, ತಂಬಾಕು ಎರಡನ್ನೂ ಕೂಡಿಸಿ ತಿನ್ನುವ ಚಟ ಬಹಳ ವರ್ಷದ್ದು. ಈಗ ಅದರಲ್ಲಿ ಏನೂ ಮಜಾ ಇಲ್ಲ. ಬಾಯಿ ಉರಿಯುತ್ತೆ, ಖಾರದ ಊಟ ಆಗಲ್ಲ. ಆದರೂ ಊಟ ಮುಗಿದ ಕೂಡಲೇ ಕೈ ಕಿಸೆಗೆ ಹೋಗುತ್ತೆ. ಮಜಾನೇ ಇಲ್ಲದ ಮೇಲೆ ಬೇಕು ಅಂತ ಯಾಕೆ ಅನ್ನಿಸುತ್ತೆ? ಎಲ್ಲಾ ಡೋಪಮೈನ್ ಆಟ ಅಂತ ವಾಟ್ಸಾಪ್‌ನಲ್ಲಿ ಓದಿದೆ, ಹೌದಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಣ್ಣಾರೆ, ಮೊದಲು ಬಾಯಿ, ಡೋಪಮೈನ್ ಆಮೇಲೆ. ಅಡಿಕೆ ಜಗಿಯುವವರಿಗೆ ಖಾರ ತಿಂದಾಗ ಬಾಯಿ ಉರಿದರೆ ಅದನ್ನು ಹಗುರಾಗಿ ತಗೊಳ್ಳಬಾರದು. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ, ಹಲ್ಲುಗಳ ನಡುವೆ ಹೋಗುತ್ತವಾ ನೋಡಿ. ಹೋಗದಿದ್ದರೆ, ಅಥವಾ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ, ಇದೇ ವಾರ ಹಲ್ಲಿನ ಡಾಕ್ಟರಿಗೆ ತೋರಿಸಿ. ಬೆರಳು ಹೋದರೂ ತೋರಿಸಿ, ಉರಿ ಅಂತೂ ಇದೆಯಲ್ಲ. ತಂಬಾಕು ಬಿಟ್ಟು ಬರೀ ಮಸಾಲಾ ತಿಂದರೆ ನಡೆಯುತ್ತೆ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಇನ್ನು ನಿಮ್ಮ ಪ್ರಶ್ನೆ. ಡೋಪಮೈನ್ ಅಂದರೆ ಸುಖದ ರಾಸಾಯನಿಕ ಅಂತ ವಾಟ್ಸಾಪ್ ಹೇಳುತ್ತೆ. ಅಷ್ಟೇ ಆಗಿದ್ದರೆ ನಿಮ್ಮ ಚಟ ಎಂದೋ ಬಿಟ್ಟುಹೋಗಬೇಕಿತ್ತು, ಸುಖ ಮುಗಿದಿದೆ ಅಂತ ನೀವೇ ಬರೆದಿದ್ದೀರಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕೆಂಟ್ ಬೆರಿಡ್ಜ್ ಅನ್ನುವವರು 1980ರ ದಶಕದ ಕೊನೆಯಲ್ಲಿ ಇಲಿಗಳ ಮಿದುಳಿನ ಡೋಪಮೈನನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ನೋಡಿದರು. ಅಂಥ ಇಲಿ ಆಹಾರ ಮುಂದೆ ಇದ್ದರೂ ಹತ್ತಿರ ಹೋಗಲ್ಲ, ಹಾಗೇ ಬಿಟ್ಟರೆ ಹಸಿವಿನಿಂದ ಸಾಯುತ್ತೆ. ಆದರೆ ನಾವೇ ಅದರ ನಾಲಿಗೆ ಮೇಲೆ ಸಕ್ಕರೆ ನೀರು ಬಿಟ್ಟರೆ ಎಂದಿನಂತೆ ಬಾಯಿ ಚಪ್ಪರಿಸುತ್ತೆ! ರುಚಿ ಗೊತ್ತಾಗುತ್ತೆ, ಬೇಕು ಅನ್ನಿಸಲ್ಲ. ನಿಮ್ಮದು ಇದರ ಉಲ್ಟಾ. ಹಿತ ಅನ್ನಿಸುವುದಕ್ಕೆ ಮಿದುಳಿನಲ್ಲೇ ತಯಾರಾಗುವ ಅಫೀಮಿನಂಥ ರಾಸಾಯನಿಕಗಳ ಪಾತ್ರ ಜಾಸ್ತಿ, ಬೇಕು ಅನ್ನಿಸಿ ಎಬ್ಬಿಸಿ ಓಡಿಸುವುದು ಡೋಪಮೈನ್. ಚಟದಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹಿತ ಇಳಿಯುತ್ತಾ ಹೋಗುತ್ತೆ, ಬೇಕು ಅನ್ನುವುದು ಏರುತ್ತಾ ಹೋಗುತ್ತೆ.

ಊಟ ಮುಗಿದ ಕೂಡಲೇ ಕೈ ಕಿಸೆಗೆ ಹೋಗುತ್ತೆ ಅಂದಿರಲ್ಲ, ಅದಕ್ಕೂ ಉತ್ತರ ಇದೆ. ವೊಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಡುತ್ತಾ ಅವುಗಳ ಡೋಪಮೈನ್ ಕೋಶಗಳು ಯಾವಾಗ ಮಿಡಿಯುತ್ತವೆ ಅಂತ ಅಳೆದರು. ಶುರುವಿನಲ್ಲಿ ರಸ ಬಾಯಿಗೆ ಬಿದ್ದಾಗ ಮಿಡಿದವು. ರಸಕ್ಕೆ ಮೊದಲು ದೀಪ ಹತ್ತುತ್ತೆ ಅಂತ ಮಂಗ ಕಲಿತ ಮೇಲೆ ದೀಪ ಹತ್ತಿದಾಗಲೇ ಮಿಡಿಯತೊಡಗಿದವು, ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿ ರಸ ಬಾರದಿದ್ದರೆ, ಬರಬೇಕಿದ್ದ ಆ ಕ್ಷಣಕ್ಕೆ ಸರಿಯಾಗಿ ಮಿಡಿತ ಕುಸಿಯಿತು. ನಿಮಗೆ ಆ ದೀಪ ಅಂದರೆ ಊಟದ ಕೊನೆಯ ತುತ್ತು, ಪಾನ್ ಅಂಗಡಿ ಮುಂದೆ ಜೋತುಬಿದ್ದ ಪಾಕೀಟಿನ ಸರ, ಹಲ್ಲಿನಿಂದ ಪಾಕೀಟು ಹರಿಯುವ ಸದ್ದು. ತಿನ್ನದಿದ್ದಾಗ ಆಗುವ ಕಸಿವಿಸಿಯಲ್ಲಿ ಆ ಕುಸಿತದ ಪಾಲೂ ಇದೆ.

ಇದರ ಮೇಲೆ ತಂಬಾಕಿನಲ್ಲಿರುವ ನಿಕೋಟಿನ್ ಬೇರೆ. ಡೋಪಮೈನ್‌ನಂತೆಯೇ ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತು ಡೋಪಮೈನ್ ಕೋಶಗಳನ್ನು ಕೆಣಕುತ್ತೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ತಾಸಿಗೆ ಅರ್ಧಕ್ಕೆ ಇಳಿಯುತ್ತೆ, ಮತ್ತೆ ಬೇಕು ಅನ್ನಿಸುತ್ತೆ. ಮಸಾಲಾದಲ್ಲಿರುವ ಸುಣ್ಣದ ಕಿತಾಪತಿಯೂ ಸಣ್ಣದಲ್ಲ. ಸುಣ್ಣ ಸೇರಿದರೆ ನಿಕೋಟಿನ್ ಕೆನ್ನೆಯ ಒಳಚರ್ಮದಿಂದ ಬೇಗ ರಕ್ತಕ್ಕೆ ಇಳಿಯುತ್ತೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆದಮೇಲೆ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಆಯ್ತು, ಅಷ್ಟೇ. ಅಂಗೈಯಲ್ಲಿ ಕೂಡಿಸಿದ ಮೇಲೆ ಮಿದುಳಿಗೆ ಏನು ಫರಕು ಗೊತ್ತಾಗಬೇಕು?

ಬಿಡುವಾಗ ಮೊದಲ ಎರಡು-ಮೂರು ದಿನ ಬಹಳ ಕಷ್ಟ. ಸಿಟ್ಟು, ನಿದ್ದೆಗೇಡು, ಲೆಕ್ಕದಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲಾ ಬರುತ್ತೆ, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತೆ. ಮನೆಯವರಿಗೂ ಅಂಗಡಿಯ ಯಜಮಾನರಿಗೂ ಮೊದಲೇ ಹೇಳಿಡಿ. ನಿಕೋಟಿನ್ ಗಮ್ ಅಂತ ಸಿಗುತ್ತೆ, ಆದರೆ ನಿಮ್ಮ ಬಾಯಿ ಮೊದಲೇ ಉರಿಯುತ್ತಿರುವುದರಿಂದ ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಮಾತ್ರೆ ಮೇಲು ಅಂತ ನನ್ನ ಅನಿಸಿಕೆ, ಅದನ್ನು ನಿಮ್ಮನ್ನು ನೋಡಿದ ಡಾಕ್ಟರೇ ತೀರ್ಮಾನಿಸಲಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಚಿಕಿತ್ಸೆ ಇದೆ. ಹೋಗೋಕೆ ಸಂಕೋಚ ಆದರೆ ತಂಬಾಕು ಬಿಡುವವರಿಗಾಗಿಯೇ ಇರುವ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಇನ್ನೊಂದು, ಊಟ ಆದಮೇಲೆ ಅದೇ ಅಂಗಡಿ ಮುಂದೆ ಹಾಯ್ದು ಹೋಗಬೇಡಿ. ಮನಸ್ಸು ಗಟ್ಟಿ ಮಾಡು ಅಂತ ಬೈಯುವವರಿಗಿಂತ ಬೇರೆ ಓಣಿಯಲ್ಲಿ ನಡೆಯುವುದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ: ಸರ್, ನಮ್ಮ ಅಪ್ಪನಿಗೆ ಪಾರ್ಕಿನ್ಸನ್. ಜೀವನದಲ್ಲಿ ಇಸ್ಪೀಟ್ ಎಲೆ ಮುಟ್ಟಿದವರಲ್ಲ. ಹೊಸ ಮಾತ್ರೆ ಶುರುವಾದ ಮೇಲೆ ಗುಟ್ಟಾಗಿ ಓಸಿ ಬರೆಸುತ್ತಿದ್ದಾರೆ, ಶೇಂಗಾ ಮಾರಿದ ದುಡ್ಡೂ ಹೋಯ್ತು. ಕೇಳಿದರೆ ಅಳುತ್ತಾರೆ. ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತಾ?
– ಮಗಳು, ಹಾವೇರಿ ಜಿಲ್ಲೆ

ಉತ್ತರ: ತಂಗಿ, ಅಪ್ಪನನ್ನು ಬೈಯಬೇಡ. ಆ ಮಾತ್ರೆಯ ಚೀಟಿ ತಗೊಂಡು, ಪಾರ್ಕಿನ್ಸನ್‌ಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಹತ್ತಿರ ಆದಷ್ಟು ಬೇಗ ಹೋಗು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಮಾಡುವ ಕೋಶಗಳು ಸಾಯುತ್ತವೆ, ಅದಕ್ಕೇ ಕೈ ನಡುಗುವುದು, ನಡಿಗೆ ನಿಧಾನ ಆಗುವುದು. ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳು ಡೋಪಮೈನ್ ಬದಲಿಗೆ ಕೆಲಸ ಮಾಡುತ್ತವೆ. ಕೈಕಾಲು ಸಲೀಸಾಗುತ್ತೆ, ಆದರೆ ಕೆಲವರಲ್ಲಿ ‘ಬೇಕು’ ಅನ್ನುವ ಭಾಗವೂ ಕೆರಳುತ್ತೆ. ಅಮೆರಿಕ ಮತ್ತು ಕೆನಡಾದ 3,000ಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಗುಂಪಿನ ಮಾತ್ರೆ ತಗೊಳ್ಳುವ ನೂರು ಜನರಲ್ಲಿ ಸುಮಾರು 17 ಜನರಿಗೆ ಜೂಜು, ವಿಪರೀತ ಖರೀದಿ, ತಿನ್ನುವ ಗೀಳು, ಕಾಮದ ಗೀಳು ಇವುಗಳಲ್ಲಿ ಯಾವುದಾದರೊಂದು ಅಂಟಿಕೊಂಡಿತ್ತು. ಬಹಳ ಜನರಲ್ಲಿ ಮಾತ್ರೆ ಕಡಿಮೆ ಮಾಡಿದರೆ ಇದು ತಗ್ಗುತ್ತೆ. ಅಪ್ಪನದು ಅದೇ ಗುಂಪಿನ ಮಾತ್ರೆಯಾ ಅಂತ ಡಾಕ್ಟರನ್ನು ಕೇಳು. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದರೆ ಬೇರೆ ತೊಂದರೆ ಶುರುವಾಗುತ್ತೆ. ಅಲ್ಲಿಯವರೆಗೆ ಪಾಸ್‌ಬುಕ್, ಎಟಿಎಂ ಕಾರ್ಡು ನಿನ್ನ ಹತ್ತಿರ ಇರಲಿ. ಡಾಕ್ಟರ ಮುಂದೆ ಇದನ್ನು ಹೇಳಲು ಅಪ್ಪ ನಾಚಬಹುದು, ನೀನೇ ಹೇಳು.

ಪ್ರಶ್ನೆ: ಒಂದು ದಿನ ಫೋನ್‌ನಂಥ ಮಜಾ ಕೊಡುವುದನ್ನೆಲ್ಲ ಬಿಟ್ಟಿದ್ದು ‘ಡೋಪಮೈನ್ ಉಪವಾಸ’ ಮಾಡಿದರೆ ರೀಲ್ಸ್ ಚಟ ಹೋಗುತ್ತಾ? ಖಾಲಿಯಾದ ಡೋಪಮೈನ್ ಮತ್ತೆ ತುಂಬುತ್ತಂತೆ.
– ವಿದ್ಯಾರ್ಥಿ, ಗದಗ

ಉತ್ತರ: ಇಲ್ಲಪ್ಪಾ. ಡೋಪಮೈನ್ ಇಲ್ಲದಿದ್ದರೆ ಎದ್ದು ನಡೆಯುವುದೇ ಕಷ್ಟ, ಮೇಲಿನ ಪತ್ರ ಓದು. ಅದನ್ನು ಖಾಲಿ ಮಾಡಿ ತುಂಬಿಸುವಂಥದ್ದು ಏನೂ ಇಲ್ಲ. ಮುಂದಿನ ರೀಲ್ ಚೆನ್ನಾಗಿರುತ್ತೋ ಇಲ್ಲವೋ ಗೊತ್ತಿಲ್ಲದಿರುವುದೇ ಬೆರಳನ್ನು ಓಡಿಸುತ್ತಿರುತ್ತೆ, ಓಸಿ ನಂಬರಿನ ಥರವೇ. ಆ್ಯಪ್‌ನ ನೋಟಿಫಿಕೇಶನ್ ಪೂರ್ತಿ ಬಂದ್ ಮಾಡು. ರಾತ್ರಿ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗು. ಅಲಾರಾಂ ಬೇಕು ಅನ್ನುವ ನೆಪ ಬೇಡ, ಪೇಟೆಯಲ್ಲಿ ಟೇಬಲ್ ಗಡಿಯಾರ ಸಿಗುತ್ತೆ.